ಬಿದ್ದರೆ ಏಳೋಕೆ ಎಷ್ಟು ವರ್ಷ? ಊರಿನ ಆಪತ್ತಿನ ಲೆಕ್ಕ ಊರೇ ಬರೆಯಲಿ

ಹಿರೀಸಾವೆ ಸುತ್ತಮುತ್ತ ಓಡಾಡಿದವರಿಗೆ ಗೊತ್ತು, ಸುಳಿ ಬಿದ್ದುಹೋದ ಬೋಳು ತೆಂಗಿನ ಮರಗಳು ನಮ್ಮ ತೋಟಗಳಲ್ಲಿ ಬಹಳ ಕಾಲ ನಿಂತಿದ್ದವು. 2016ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. 2017ರ ಬೇಸಿಗೆ ಮುಗಿಯುವ ಹೊತ್ತಿಗೆ ಹಾಸನ, ತುಮಕೂರು ಜಿಲ್ಲೆಗಳಲ್ಲಿ ಲಕ್ಷಗಟ್ಟಲೆ ತೆಂಗು ಒಣಗಿ ಹೋಯಿತು. ಅದೇ ಬರದಲ್ಲಿ ರಾಗಿಯೂ ಹೋಗಿತ್ತು. ಆದರೆ ಮುಂದೆ ಒಂದು ಒಳ್ಳೆ ಮಳೆ ಬಿದ್ದದ್ದೇ ರಾಗಿ ಹೊಲ ಮತ್ತೆ ಹಸಿರಾಯಿತು. ತೆಂಗು ಹಾಗಲ್ಲ. ಆಗ ಮತ್ತೆ ನೆಟ್ಟ ನಾಟಿ ಸಸಿ ಹೊಂಬಾಳೆ ಬಿಡುವ ಕಾಲಕ್ಕೆ ಸರಿಯಾಗಿ 2023ರ ಬರ ಬಾಗಿಲಿಗೆ ಬಂದಿತ್ತು.

ಈ ಒಂದು ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಆಪತ್ತು ಎಷ್ಟು ದೊಡ್ಡದು ಅಂತ ನಾವು ಸಾಮಾನ್ಯವಾಗಿ ಹೋದ ದುಡ್ಡಿನ ಮೇಲೆ ಅಳೆಯುತ್ತೇವೆ. ಅದನ್ನು ಬಿಟ್ಟು, "ಬಿದ್ದರೆ ಏಳೋಕೆ ಎಷ್ಟು ವರ್ಷ ಬೇಕು?" ಅಂತ ಕೇಳಿದರೆ ನಮ್ಮಂಥ ಸಣ್ಣ ರೈತರಿಗೆ ಯಾವುದು ನಿಜವಾದ ಅಪಾಯ ಅನ್ನುವುದು ತಾನಾಗಿ ತಿಳಿಯುತ್ತದೆ. ಇದನ್ನೇ ಹಿಡಿದುಕೊಂಡು ಒಂದು ಊರು ತನ್ನ ಲೆಕ್ಕ ತಾನೇ ಬರೆದುಕೊಳ್ಳುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಇದಕ್ಕೆ ಇಂಜಿನಿಯರು ಬೇಡ. ಒಂದು ನೋಟ್‌ಬುಕ್ಕು, ಜಗುಲಿ ಮೇಲೆ ಎರಡು ಸಂಜೆ, ಊರಿನ ಎಂಟು ಹತ್ತು ಜನ ಸಾಕು. ಅವರಲ್ಲಿ ಅರ್ಧದಷ್ಟು ಹೆಂಗಸರಿರಲಿ. ನೀರು, ಮೇವು, ಮನೆಯಲ್ಲಿರುವ ಮುದುಕರ ಸಂಗತಿ ಗಂಡಸರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಮಳೆ ಹೋದದ್ದು ಬೇರೆ, ಆಪತ್ತು ಬೇರೆ

"ಬರ ಅಂದ್ರೆ ದೇವ್ರು ಕೊಟ್ಟಿದ್ದು, ಅದಕ್ಕೇನು ಲೆಕ್ಕ ಹಾಕ್ತೀರ ಸ್ವಾಮಿ?" ಅಂತ ಕೇಳುವವರಿದ್ದಾರೆ. ಮಳೆ ಬರುವುದು, ಬಿಡುವುದು ನಮ್ಮ ಕೈಲಿಲ್ಲ, ನಿಜ. ಆದರೆ ಮಳೆ ಹೋದರೆ ಏನೇನು ಹೋಗುತ್ತದೆ ಅನ್ನುವುದು ಬಹಳಮಟ್ಟಿಗೆ ನಮ್ಮ ಕೈಲೇ ಇದೆ.

ಧಾತು ಈಶ್ವರ ಸಂವತ್ಸರದ ಬರ ಅಂತ ಹಳಬರು ಹೇಳುತ್ತಿದ್ದರಲ್ಲ, ಅದು 1876ರಿಂದ 78ರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. 2016ರಲ್ಲೂ ಮಳೆ ಕೆಟ್ಟಿತು, ಆದರೆ ಜನ ಹಸಿವಿನಿಂದ ಸಾಯಲಿಲ್ಲ. ನಡುವೆ ಪಡಿತರ ಬಂದಿತ್ತು, ರಸ್ತೆ ಬಂದಿತ್ತು, ಡೇರಿ ಬಂದಿತ್ತು. ಜನರ ಮಟ್ಟಿಗೆ ಸಿದ್ಧತೆ ಇತ್ತು, ತೆಂಗಿನ ಮಟ್ಟಿಗೆ ಇರಲಿಲ್ಲ. ಅದಕ್ಕೇ ಜನ ಉಳಿದರು, ಮರ ಹೋದವು.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಎಳೆಯಿರಿ. ಒಂದು: ಏನು ಬರಬಹುದು? ಎರಡು: ಬಂದರೆ ಯಾರು, ಏನು ಅದರ ಎದುರಿಗೆ ಸಿಕ್ಕುತ್ತದೆ? ಮೂರು: ಹೋದದ್ದು ಮತ್ತೆ ನೆಟ್ಟಗಾಗೋಕೆ ಎಷ್ಟು ವರ್ಷ? ನಾಲ್ಕು: ಈಗ ನಮ್ಮ ಹತ್ತಿರ ಏನು ಸಿದ್ಧತೆ ಇದೆ?

ಮೂರನೇ ಕಲಂ ಹೀಗೆ ಬರುತ್ತದೆ. ರಾಗಿ ಹೋದರೆ ಒಂದು ವರ್ಷ. ಮೇವು ಹೋದರೂ ಮುಂದಿನ ಕುಯ್ಲಿನ ತನಕ, ಅದೂ ಒಂದು ವರ್ಷ. ಕರೆಯೋ ಸೀಮೆಹಸು ಹೋದರೆ, ಮನೆಯಲ್ಲೇ ಹುಟ್ಟಿದ ಹೆಣ್ಣುಕರು ಬೆಳೆದು ಹಾಲು ಕೊಡೋಕೆ ಸುಮಾರು ಮೂರು ವರ್ಷ. ನಾಟಿ ತೆಂಗು ಹೋದರೆ ಮೊದಲ ಕಾಯಿಗೆ ಆರೇಳು ವರ್ಷ, ತುಂಬು ಫಸಲಿಗೆ ಹತ್ತು ಹನ್ನೆರಡು. ಮನುಷ್ಯ ಹೋದರೆ ಮತ್ತೆ ಬರೋದೇ ಇಲ್ಲ.

ಈಗ ಇದರ ಪಕ್ಕದಲ್ಲಿ, ಆ ಆಪತ್ತು ಎಷ್ಟು ವರ್ಷಕ್ಕೊಮ್ಮೆ ಬರುತ್ತಿದೆ ಅಂತ ಬರೆಯಿರಿ. ನಮ್ಮ ರಾಜ್ಯದಲ್ಲಿ 2001ರಿಂದ ಮೂರು ವರ್ಷ ಸತತ ಬರ. 2012ರಲ್ಲಿ, 2015 ಮತ್ತು 2016ರಲ್ಲಿ, 2018ರಲ್ಲಿ ಮತ್ತೆ ಬರ. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆ ಆಯಿತು. ಎಲ್ಲ ಬರವೂ ಎಲ್ಲ ಊರಿಗೂ ಒಂದೇ ಥರ ತಟ್ಟಲಿಲ್ಲ, ನಿಮ್ಮ ಊರಿನದನ್ನು ಹಿರಿಯರ ಬಾಯಲ್ಲಿ ಕೇಳಿ ಬರೆದುಕೊಳ್ಳಿ. ಏನೇ ಆದರೂ ನಾಲ್ಕೈದು ವರ್ಷಕ್ಕೊಮ್ಮೆ ಬೀಳುವವನಿಗೆ ಏಳೋಕೆ ಹತ್ತು ವರ್ಷ ಬೇಕಾದರೆ ಅವನು ಎದ್ದು ನಿಲ್ಲೋದು ಯಾವಾಗ? ಬೀಳುವ ಗಡುವಿಗಿಂತ ಏಳುವ ಗಡುವು ಎಲ್ಲಿ ಉದ್ದವೋ ಅಲ್ಲಿ ಮೊದಲು ಕೆಂಪು ಗುರುತು ಹಾಕಿ. ಊರಿನ ಶ್ರಮ, ದುಡ್ಡು ಮೊದಲು ಹೋಗಬೇಕಾದ್ದು ಅಲ್ಲಿಗೆ.

ನೀರಿನ ಲೆಕ್ಕ: ಯಾರು ಎಷ್ಟು ಕುಡಿಯುತ್ತಾರೆ

ಒಂದೇ ಜಿಲ್ಲೆಯಲ್ಲಿ ಸಕಲೇಶಪುರದ ಕಡೆ 2,000 ಮಿಲಿಮೀಟರ್ ದಾಟುವ ಮಳೆ ಚನ್ನರಾಯಪಟ್ಟಣ ತಾಲ್ಲೂಕಿಗೆ ಬರುವಾಗ 700ರ ಆಚೀಚೆಗೆ ಇಳಿದಿರುತ್ತದೆ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಆದರೂ ನಾಲೆ ನೀರು ಹರಿಯದ ಕಡೆ ತೋಟಗಳೆಲ್ಲ ಕೊಳವೆಬಾವಿಯನ್ನೇ ನಂಬಿಕೊಂಡಿವೆ.

ಲೆಕ್ಕ ತಿಳಿಯಲು 100 ಮನೆಯ ಒಂದು ಊರು ಇಟ್ಟುಕೊಳ್ಳೋಣ. ಜನ 450, ದನ 150, ತೆಂಗು 200 ಎಕರೆ. ನಿಮ್ಮ ಊರಿನ ಅಂಕಿ ಹಾಕಿ ನೀವೂ ಮಾಡಿ ನೋಡಿ. ದನದ ಲೆಕ್ಕ ಹಾಲಿನ ಡೇರಿಯಲ್ಲಿ ಸಿಗುತ್ತದೆ, ಮನೆ ಲೆಕ್ಕ ಅಂಗನವಾಡಿಯಲ್ಲಿ ಸಿಗುತ್ತದೆ.

ಕುಡಿಯುವ ನೀರಿನ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಅಂತ ಇಟ್ಟಿದ್ದಾರೆ. 450 ಜನಕ್ಕೆ 24,750 ಲೀಟರ್. ದನಕ್ಕೆ 50 ಲೀಟರಿನಂತೆ 7,500. ಎರಡೂ ಸೇರಿ 32,250 ಲೀಟರ್. ಇನ್ನು ತೆಂಗು. 30 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 48 ಮರ. 200 ಎಕರೆಗೆ 9,600 ಮರ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಕೊಟ್ಟರೂ ಮರಕ್ಕೆ ದಿನಕ್ಕೆ 35 ಲೀಟರ್ ಅಂದುಕೊಳ್ಳಿ. ಒಟ್ಟು 3,36,000 ಲೀಟರ್. ಅಂದರೆ ಜನ, ದನ ಎರಡೂ ಕುಡಿಯುವುದರ ಹತ್ತು ಪಾಲನ್ನು ತೆಂಗು ಕೇಳುತ್ತದೆ.

ನಿಮ್ಮ ಕೊಳವೆಬಾವಿ ಎಷ್ಟು ಕೊಡುತ್ತದೆ ಅಂತ ತಿಳಿಯೋದು ಸುಲಭ. 200 ಲೀಟರಿನ ಡ್ರಮ್ಮು ಇಟ್ಟು ಗಡಿಯಾರ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್. ಏಳು ಗಂಟೆ ತ್ರೀ ಫೇಸ್ ಕರೆಂಟು ಸಿಕ್ಕಿದರೆ ದಿನಕ್ಕೆ 21,000. ಮೇಲಿನ ಊರಿನ ತೆಂಗಿಗೇ ಇಂಥ 16 ಬಾವಿ ಒಂದು ದಿನವೂ ನಿಲ್ಲದೆ ಓಡಬೇಕು. ಈ ಅಳತೆಯನ್ನು ಜನವರಿಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಮಾಡಿ. ಎರಡರ ನಡುವೆ ಎಷ್ಟು ಇಳಿಯಿತೋ ಅದೇ ನಿಮ್ಮ ಊರಿನ ಅಪಾಯದ ಅಳತೆ.

ಇದರಿಂದ ಎರಡು ಮಾತು ಗೊತ್ತಾಗುತ್ತದೆ. ಒಂದು, ಬರ ಬಂದಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಬೋರು ಕೊರೆಸೋದು ಸಿದ್ಧತೆ ಅಲ್ಲ. ಒಂದೇ ಕೊಡಕ್ಕೆ ಇನ್ನೂ ನಾಲ್ಕು ತೂತು ಮಾಡಿದ ಹಾಗೆ. ಎರಡು, ಕುಡಿಯೋ ನೀರಿನ ಬಾವಿ ಯಾವುದು, ಅದರ ಸುತ್ತ ಯಾರು ಎಷ್ಟು ಎತ್ತಬೇಕು ಅನ್ನೋ ತೀರ್ಮಾನ ನೀರು ಇರುವಾಗಲೇ ಆಗಬೇಕು. ಜಗಳ ಶುರುವಾದ ಮೇಲೆ ನ್ಯಾಯ ಹೇಳೋಕಾಗಲ್ಲ.

ತೆಂಗಿಗೆ ಸಿದ್ಧತೆ ಅಂದರೆ ಬುಡದ ಕೆಲಸ. ಮರದ ಸುತ್ತ ಆರಡಿ ಪಾತಿಯಲ್ಲಿ ಸಿಪ್ಪೆ, ಗರಿ, ಕಳೆ ಏನು ಸಿಕ್ಕಿದರೂ ಹೊದಿಸೋದು. ಮಳೆಗಾಲದಲ್ಲೇ ತೆಂಗಿನ ಸಿಪ್ಪೆಯನ್ನು ಮಣ್ಣಲ್ಲಿ ಹೂಳಿದರೆ ಅದು ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಕೊಬ್ಬರಿ ಸುಲಿದ ಸಿಪ್ಪೆ ತೋಟ ಬಿಟ್ಟು ಹೊರಗೆ ಹೋಗುತ್ತಿರುವುದೇ ಹೆಚ್ಚು. ಇಳಿಜಾರಿಗೆ ಅಡ್ಡಲಾಗಿ ಬದು, ಬದುವಿನ ಮೇಲ್ಗಡೆ ಇಂಗುಗುಂಡಿ. ಇನ್ನೊಂದು ನೆನಪಿರಲಿ: ತೆಂಗಿನ ಹೊಂಬಾಳೆಯ ಮೊಳಕೆ ಮರದೊಳಗೆ ಎರಡೂವರೆ ಮೂರು ವರ್ಷ ಮೊದಲೇ ಶುರುವಾಗಿರುತ್ತದೆ. ಹಾಗಾಗಿ ಮರ ಸಾಯದಿದ್ದರೂ ಈ ಬೇಸಿಗೆಯ ಏಟು ಮುಂದಿನ ಎರಡು ಮೂರು ವರ್ಷದ ಫಸಲಿನಲ್ಲಿ ಕಾಣುತ್ತದೆ.

ಮೇವು: ಡಿಸೆಂಬರಿನ ಆಸೆ, ಏಪ್ರಿಲ್‌ನ ಅಳಲು

ದನಕ್ಕೆ ದಿನಕ್ಕೆ ಆರು ಕೆ.ಜಿ. ಒಣಮೇವು, ನಾಲ್ಕು ತಿಂಗಳ ಬೇಸಿಗೆ ಅಂದರೆ ಒಂದು ದನಕ್ಕೆ 720 ಕೆ.ಜಿ. 150 ದನಕ್ಕೆ 108 ಟನ್. ಎಕರೆಗೆ ಒಂದೂವರೆ ಟನ್ ರಾಗಿ ಹುಲ್ಲು ಅಂತ ಹಿಡಿದರೂ 72 ಎಕರೆಯ ಹುಲ್ಲು ಊರಲ್ಲೇ ಉಳಿಯಬೇಕು. ಡಿಸೆಂಬರ್, ಜನವರಿಯಲ್ಲಿ ಬಣವೆಗಳನ್ನು ಎಣಿಸಿ ಅಂದಾಜು ಮಾಡಿ. ಕಡಿಮೆ ಬಿತ್ತೋ, ಮಾರ್ಚ್ ಮುಗಿಯುವ ತನಕ ಊರಿನ ಹುಲ್ಲು ಹೊರಗಿನ ಲಾರಿಗೆ ಹತ್ತಬಾರದು ಅಂತ ಮಾತಾಡಿಕೊಳ್ಳಿ. ಅಗ್ಗಕ್ಕೆ ಕೊಟ್ಟ ಹುಲ್ಲನ್ನೇ ಏಪ್ರಿಲ್‌ನಲ್ಲಿ ಎರಡರಷ್ಟು ಕೊಟ್ಟು ತಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಣವೆಗಳು ಒಂದಕ್ಕೊಂದು ಅಂಟಿಕೊಂಡಿರದೆ, ಕರೆಂಟ್ ತಂತಿಯ ಕೆಳಗಿರದೆ ಇರಲಿ. ಒಂದಕ್ಕೆ ಕಿಡಿ ಬಿದ್ದರೆ ಊರಿನ ಮೇವೆಲ್ಲ ಒಂದೇ ರಾತ್ರಿಗೆ ಬೂದಿ.

ರೋಗವನ್ನೂ ಇದೇ ಕಲಂನಲ್ಲಿ ಬರೆಯಿರಿ. 2013ರಲ್ಲಿ ಕಾಲುಬಾಯಿ ಜ್ವರ, 2022ರಲ್ಲಿ ಚರ್ಮಗಂಟು ರೋಗ ದಕ್ಷಿಣ ಕರ್ನಾಟಕದ ಕೊಟ್ಟಿಗೆಗಳಿಗೆ ನುಗ್ಗಿದ್ದನ್ನು ಮರೆತಿಲ್ಲ ತಾನೆ? ಯಾವ ಮನೆಯ ದನಕ್ಕೆ ಲಸಿಕೆ ತಪ್ಪಿದೆ ಅಂತ ಡೇರಿಯ ಹಾಲಿನ ಪಟ್ಟಿ ಇಟ್ಟುಕೊಂಡು ಒಂದು ಬೆಳಗ್ಗೆಯಲ್ಲಿ ಗುರುತು ಹಾಕಬಹುದು.

ಕೆರೆ ಏರಿ: ಬರದ ಊರಲ್ಲೂ ನೋಡಬೇಕಾದ್ದು

ಬರದ ಸೀಮೆಯಲ್ಲಿ ಪ್ರವಾಹದ ಮಾತೇಕೆ ಅನ್ನಬೇಡಿ. 2022ರಲ್ಲಿ ದಕ್ಷಿಣ ಒಳನಾಡಿನಲ್ಲಿ ಎಷ್ಟೋ ವರ್ಷ ತುಂಬದ ಕೆರೆಗಳೂ ಕೋಡಿ ಬಿದ್ದವು. ಹತ್ತಿಪ್ಪತ್ತು ವರ್ಷ ಒಣಗಿದ್ದ ಏರಿ ಒಂದೇ ವಾರದಲ್ಲಿ ತುಂಬಿದರೆ ಆಗಲೇ ಅಪಾಯ ಜಾಸ್ತಿ. ಒಣಗಿದ ಏರಿಯಲ್ಲಿ ಬಿರುಕು, ಹೆಗ್ಗಣದ ಬಿಲ, ಸತ್ತ ಮರದ ಬೇರು ಎಲ್ಲ ನೀರಿಗೆ ದಾರಿ ಮಾಡಿರುತ್ತವೆ.

ಹಿಂದೆ ನೀರುಗಂಟಿ ಇದನ್ನೆಲ್ಲ ನೋಡುತ್ತಿದ್ದ. ಈಗ ನಾವೇ ಮೇ ತಿಂಗಳಲ್ಲಿ ಒಂದು ಸಲ, ಮಳೆ ಜೋರಾದಾಗ ದಿನವೂ ಏರಿ ಮೇಲೆ ನಡೆಯಬೇಕು. ನೋಡಬೇಕಾದ್ದು ಇಷ್ಟು: ಏರಿ ಎಲ್ಲಾದರೂ ತಗ್ಗಾಗಿದೆಯೇ? ಹೂಳು ತೆಗೆಯುವಾಗ ಏರಿಯ ಬುಡಕ್ಕೇ ಕೈಹಾಕಿ ಮಣ್ಣು ತೆಗೆದಿದ್ದಾರೆಯೇ? ತೂಬಿನ ಪಕ್ಕ ಜಿನುಗುತ್ತಿದೆಯೇ? ಹೆಚ್ಚು ನೀರು ನಿಲ್ಲಲಿ ಅಂತ ಕೋಡಿಗೆ ಕಲ್ಲು, ಮರಳಿನ ಚೀಲ ಅಡ್ಡ ಇಟ್ಟಿದ್ದಾರೆಯೇ? ಕೋಡಿ ಹಳ್ಳ ಒತ್ತುವರಿ ಆಗಿದೆಯೇ? ಏರಿ ಹಿಂದೆ ಜಿನುಗೋ ನೀರು ತಿಳಿಯಾಗಿದ್ದರೆ ಕಣ್ಣಿಟ್ಟು ಕಾಯಿರಿ. ಕೆಂಪಗೆ ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಅಂತ ಅರ್ಥ. ಆಗ ಯೋಚನೆ ಮಾಡುತ್ತ ಕೂರಬಾರದು, ಕೆಳಗಿನವರನ್ನು ಎಬ್ಬಿಸಬೇಕು.

ನಮ್ಮ ಕಡೆ ಕೆರೆಗಳು ಸರಪಣಿಯ ಹಾಗೆ. ಮೇಲಿನದು ಒಡೆದರೆ ಅದರ ನೀರೆಲ್ಲ ಕೆಳಗಿನದಕ್ಕೆ ನುಗ್ಗಿ ಅದನ್ನೂ ಒಡೆಯುತ್ತದೆ. ಆದ್ದರಿಂದ ಮೇಲಿನ ಊರಿನವರ ಒಂದಿಬ್ಬರ ಫೋನ್ ನಂಬರು ಕೆಳಗಿನ ಊರಿನವರ ಹತ್ತಿರ ಇರಲೇಬೇಕು. ಅಚ್ಚುಕಟ್ಟಿನ ಮನೆ, ಕೊಟ್ಟಿಗೆ, ಪಂಪ್‌ಸೆಟ್ಟು ಎಷ್ಟು ಅಂತ ಎರಡನೇ ಕಲಂನಲ್ಲಿ ಬರೆಯಿರಿ. ರಾತ್ರಿ ಕರೆಂಟಿಲ್ಲದಾಗ ಹೇಗೆ ಕೂಗಿ ಹೇಳೋದು? ಗುಡಿಯ ಗಂಟೆಯೋ ತಮಟೆಯೋ, ಒಂದು ಗುರುತು ಮಾಡಿಕೊಳ್ಳಿ.

ಅಕಾಲ ಮಳೆ, ಸಿಡಿಲು, ಹೆದ್ದಾರಿ

2021ರ ನವೆಂಬರಿನಲ್ಲಿ ಕುಯ್ಲಿಗೆ ಬಂದ ರಾಗಿ ಮಳೆಗೆ ಸಿಕ್ಕಿ ಹೊಲದಲ್ಲೇ ಮೊಳಕೆ ಬಂತು. ಇದರಲ್ಲಿ ಏಳುವ ಗಡುವು ಒಂದೇ ವರ್ಷ. ಆದರೂ ಮೆದೆ ಹಾಕುವ ಎತ್ತರದ ಜಾಗ, ಊರಲ್ಲಿ ಎಷ್ಟು ಟಾರ್ಪಾಲು ಇದೆ ಅನ್ನೋ ಲೆಕ್ಕ ಇದ್ದರೆ ಅರ್ಧ ನಷ್ಟ ತಪ್ಪುತ್ತದೆ. ಫಸಲ್ ಬಿಮಾ ಮಾಡಿಸಿದವರು ಒಂದು ನೆನಪಿಡಿ: ಕೊಯ್ದು ಒಣಗಲು ಬಿಟ್ಟ ಬೆಳೆಗೆ 14 ದಿನದೊಳಗೆ ಅಕಾಲ ಮಳೆ ಬಿದ್ದರೆ ಅದಕ್ಕೂ ಪರಿಹಾರದ ದಾರಿ ಇದೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು.

ಭರಣಿ ಮಳೆ, ಕೃತ್ತಿಕಾ ಮಳೆಯ ಕಾಲ ಸಿಡಿಲಿನ ಕಾಲ. ಗುಡುಗು ಕೇಳಿಸಿತು ಅಂದರೆ ಸಿಡಿಲು ನಮ್ಮ ತನಕ ಬರುವಷ್ಟು ಹತ್ತಿರ ಇದೆ ಅಂತಲೇ ಲೆಕ್ಕ. ದನ ಮೇಯಿಸೋರು, ಕುರಿಯೋರು ಮಳೆಗೆ ಒಂಟಿ ಮರದ ಕೆಳಗೆ ನಿಲ್ಲೋದು ನಿಲ್ಲಬೇಕು. ಅವರು ಓಡಿ ಸೇರಬಹುದಾದ ಗಟ್ಟಿ ಕಟ್ಟಡ ಹತ್ತಿರ ಎಲ್ಲೆಲ್ಲಿ ಇದೆ ಅಂತ ಬರೆದಿಡಿ. ಪುಣೆಯ ಹವಾಮಾನ ಸಂಸ್ಥೆಯವರ 'ದಾಮಿನಿ' ಆ್ಯಪ್ ಸುತ್ತಮುತ್ತಲ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಮನೆಯ ಮಕ್ಕಳಿಗೆ ಹೇಳಿದರೆ ಹಾಕಿಕೊಡುತ್ತಾರೆ.

ಹಿರೀಸಾವೆಯವರಿಗೆ ಇನ್ನೊಂದು ಇದೆ, ಅದು ಬೆಂಗಳೂರು–ಮಂಗಳೂರು ಹೆದ್ದಾರಿ. ಮಂಗಳೂರಿನಿಂದ ಗ್ಯಾಸ್ ಟ್ಯಾಂಕರುಗಳು ಇದೇ ದಾರಿಯಲ್ಲಿ ಬರುತ್ತವೆ. 2013ರ ಏಪ್ರಿಲ್‌ನಲ್ಲಿ ಇದೇ ಹೆದ್ದಾರಿಯ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ, ಗ್ಯಾಸಿಗೆ ಬೆಂಕಿ ಹತ್ತಿ, ರಸ್ತೆ ಪಕ್ಕದ ಮನೆಗಳವರೂ ಸತ್ತರು. ಟ್ಯಾಂಕರ್ ಬಿದ್ದರೆ ನೋಡೋಕೆ ಹೋಗಬಾರದು, ಗಾಡಿ ಸ್ಟಾರ್ಟ್ ಮಾಡಬಾರದು, ಒಲೆ ಆರಿಸಬೇಕು, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ದೂರ ಹೋಗಬೇಕು. ಈ ನಾಲ್ಕು ಮಾತು ರಸ್ತೆ ಬದಿಯ ಹೋಟೆಲು, ಶಾಲೆ, ಮನೆಗಳವರಿಗೆ ಗೊತ್ತಿದೆಯೇ ಅಂತ ಕೇಳಿ ನೋಡಿ. ಗೊತ್ತಿಲ್ಲದಿದ್ದರೆ ನಾಲ್ಕನೇ ಕಲಂನಲ್ಲಿ ಸೊನ್ನೆ.

ಪರಿಹಾರ ನಂಬಿ ಕೂತರೆ?

"ಸರ್ಕಾರ ಕೊಡುತ್ತಲ್ಲ" ಅನ್ನೋರಿಗೆ ಒಂದು ಲೆಕ್ಕ. ಕೇಂದ್ರ ಸರ್ಕಾರ 2022-23ರಿಂದ 2025-26ರ ತನಕ ಅಂತ ಗೊತ್ತು ಮಾಡಿದ ವಿಪತ್ತು ಪರಿಹಾರದ ದರ ಹೀಗಿತ್ತು: ಮಳೆ ಆಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ತೆಂಗಿನಂಥ ಬಹುವಾರ್ಷಿಕ ಬೆಳೆಗೆ 22,500. ಅದೂ ಮೂರನೇ ಒಂದು ಪಾಲಿಗೆ ಕಮ್ಮಿ ಇಲ್ಲದೆ ನಷ್ಟವಾಗಿದ್ದರೆ, ಎರಡು ಹೆಕ್ಟೇರಿನ ತನಕ ಮಾತ್ರ. 22,500ನ್ನು ಎಕರೆಗೆ ಇಳಿಸಿದರೆ ಸುಮಾರು 9,100. 48 ಮರಕ್ಕೆ ಹಂಚಿದರೆ ಒಂದು ಮರಕ್ಕೆ 190 ರೂಪಾಯಿ. ಹತ್ತು ವರ್ಷ ಸಾಕಿದ ಮರಕ್ಕೆ 190. ರಾಗಿಗೆ ಬಂದದ್ದು ಬೀಜ, ಗೊಬ್ಬರದ ಖರ್ಚಿಗಾದರೂ ಆದೀತು. ಏಳುವ ಗಡುವು ಉದ್ದವಾದಷ್ಟೂ ಪರಿಹಾರ ಸಣ್ಣದಾಗಿ ಕಾಣುತ್ತದೆ.

ಹಾಗಂತ ಅದನ್ನು ಬಿಡಬಾರದು. ಸಿಗಬೇಕಾದ್ದು ಸಿಗಬೇಕಾದರೆ ಕಾಗದ ಸರಿ ಇರಬೇಕು. ಫ್ರೂಟ್ಸ್ ನೋಂದಣಿ ಆಗಿದೆಯೇ, ಎಲ್ಲ ಸರ್ವೆ ನಂಬರೂ ಅದರಲ್ಲಿ ಸೇರಿದೆಯೇ, ಬೆಳೆ ಸಮೀಕ್ಷೆಯಲ್ಲಿ ನಿಜವಾಗಿ ಇರುವ ಬೆಳೆಯೇ ದಾಖಲಾಗಿದೆಯೇ? ತಾತನ ಹೆಸರಲ್ಲೇ ಪಹಣಿ ಉಳಿದಿರುವ ಮನೆಗಳು ಎಷ್ಟಿವೆ? ಮನೆಮನೆಗೂ ಕೇಳಿ ಪಟ್ಟಿ ಮಾಡಿ.

ಮಳೆಯನ್ನೂ ನಾವೇ ಅಳೆಯಬೇಕು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ 1988ರಲ್ಲಿ ಬರ ನೋಡಿಕೊಳ್ಳಲು ಶುರುವಾದದ್ದು. ಈಗ ಪಂಚಾಯ್ತಿಗೊಂದರಂತೆ ಅದರ ಮಳೆಮಾಪಕಗಳಿವೆ. 2016ರ ಬರ ಕೈಪಿಡಿಯ ಪ್ರಕಾರ ಸತತ ಮೂರು ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದನ್ನು ಒಣಹವೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದರೆ ಒಂದು ಊರಿಗೆ ಬಿದ್ದ ಮಳೆ ಪಕ್ಕದ ಊರಿಗೆ ಬೀಳಲ್ಲ. ನೇರ ಗೋಡೆಯ, ಚಪ್ಪಟೆ ತಳದ ಒಂದು ಡಬ್ಬ ಬಯಲಲ್ಲಿಟ್ಟು ಬೆಳಗ್ಗೆ ಎಂಟೂವರೆಗೆ ಸ್ಕೇಲಿನಿಂದ ಅಳೆದರೆ ಎಷ್ಟು ಮಿಲಿಮೀಟರ್ ಅಂತ ಸಿಗುತ್ತದೆ. ನಾನು ಕ್ಯಾಲೆಂಡರಿನ ಮೇಲೇ ಬರೆಯುತ್ತೇನೆ. ಗ್ರಾಮಸಭೆಯಲ್ಲಿ ಅಂಕಿ ಇಟ್ಟು ಮಾತಾಡಿದವರಿಗೆ ಬೆಲೆ ಬೇರೆ.

ಮನೆ ಎಣಿಸಿ, ಆಮೇಲೆ ಗ್ರಾಮಸಭೆಗೆ ಹೋಗಿ

ಕೊನೆಯದಾಗಿ ಊರಿನ ಮನೆಗಳನ್ನು ಒಂದೊಂದಾಗಿ ನೋಡಿ. ಮಕ್ಕಳು ಬೆಂಗಳೂರಿಗೆ ಹೋಗಿ ಮುದುಕ ಮುದುಕಿ ಇಬ್ಬರೇ ಇರುವ ಮನೆ ಯಾವುದು? ಹಾಸಿಗೆ ಹಿಡಿದವರು, ಕಣ್ಣು ಕಾಣದವರು, ಬಾಣಂತಿ ಎಲ್ಲಿದ್ದಾರೆ? ಜಮೀನಿಲ್ಲದೆ ಕೂಲಿ, ಒಂದು ಹಸು ಇಷ್ಟೇ ನಂಬಿರುವ ಮನೆಗಳು ಎಷ್ಟು? ಒಂದು ಹಸು ಹೋದರೆ ನನ್ನಂಥವನಿಗೆ ನಷ್ಟ, ಅವರಿಗೆ ಬಾಳೇ ನಿಂತುಹೋಗುತ್ತದೆ. ಇಂಥ ಪ್ರತಿ ಮನೆಗೂ ಪಕ್ಕದ ಮನೆಯ ಒಬ್ಬರ ಹೆಸರು ಬರೆಯಿರಿ, ಆಪತ್ತಿನಲ್ಲಿ ಮೊದಲು ಆ ಬಾಗಿಲು ತಟ್ಟುವ ಜವಾಬ್ದಾರಿ ಅವರದು. ಟ್ರ್ಯಾಕ್ಟರ್, ಜನರೇಟರ್, ಉದ್ದ ಹಗ್ಗ, ಈಜು ಬರುವವರು, ನರ್ಸ್ ಕೆಲಸ ಕಲಿತವರು ಯಾರ ಮನೆಯಲ್ಲಿದ್ದಾರೆ ಅಂತಲೂ ಬರೆದಿಡಿ. ತುರ್ತಿಗೆ 112, ಆಂಬುಲೆನ್ಸಿಗೆ 108, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಗೆ 1077. ಈ ಮೂರನ್ನು ಡೇರಿ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ.

2005ರ ವಿಪತ್ತು ನಿರ್ವಹಣಾ ಕಾಯಿದೆ ಜಿಲ್ಲಾಧಿಕಾರಿಯ ಮುಂದಾಳತ್ವದಲ್ಲಿ ಜಿಲ್ಲಾ ಪ್ರಾಧಿಕಾರ ಮಾಡಿದೆ, ಪಂಚಾಯ್ತಿಗಳಿಗೂ ಜವಾಬ್ದಾರಿ ಕೊಟ್ಟಿದೆ. ಆದರೆ ಜಿಲ್ಲೆಯ ಯೋಜನೆಯಲ್ಲಿ ನಮ್ಮ ಊರಿನ ಕೋಡಿಗೆ ಕಲ್ಲು ಅಡ್ಡ ಇಟ್ಟಿರುವುದು ಬರೆದಿರಲ್ಲ. ಅದನ್ನು ನಾವೇ ಹೇಳಬೇಕು. ಕೆಂಪು ಗುರುತು ಬಿದ್ದ ಮೂರು ಕೆಲಸ ಮಾತ್ರ ಆರಿಸಿ, ಗ್ರಾಮಸಭೆಯಲ್ಲಿ ಬರಹದಲ್ಲಿ ಕೊಡಿ, ನಡಾವಳಿ ಪುಸ್ತಕದಲ್ಲಿ ಸೇರಿದೆಯೇ ಅಂತ ಕೂತು ನೋಡಿ ಬನ್ನಿ. ಮೂವತ್ತು ಕೆಲಸದ ಪಟ್ಟಿ ಕೊಟ್ಟರೆ ಒಂದೂ ಆಗಲ್ಲ.

ಈ ಲೆಕ್ಕವನ್ನು ವರ್ಷಕ್ಕೆ ಎರಡು ಸಲ ತಿರುವಿಹಾಕಬೇಕು: ರಾಗಿ ಕಣ ಮುಗಿದಮೇಲೆ ನೀರು, ಮೇವಿಗಾಗಿ, ಯುಗಾದಿ ಕಳೆದು ಭರಣಿ ಮಳೆಗೆ ಮುಂಚೆ ಏರಿ, ಸಿಡಿಲಿಗಾಗಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಅಂತ ನಮ್ಮ ಹಿರಿಯರು ಹೇಳಿಯೇ ಇದ್ದಾರೆ. ನಿಮ್ಮ ಊರಲ್ಲಿ ಈ ನಾಲ್ಕು ಕಲಂ ತುಂಬಿಸಿದರೆ, ಮೂರನೇ ಕಲಂನಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಯಾವುದಕ್ಕೆ ಬಂತು ಅಂತ ಪತ್ರಿಕೆಗೆ ಬರೆದು ತಿಳಿಸಿ. ಅಡಿಕೆ ಸೀಮೆಯವರದು, ಶುಂಠಿಯವರದು, ನಮ್ಮ ತೆಂಗಿನವರದು ಬೇರೆ ಬೇರೆ ಬಂದೀತು. ಒಬ್ಬರ ಲೆಕ್ಕ ಇನ್ನೊಬ್ಬರ ಊರನ್ನು ಉಳಿಸಲೂಬಹುದು.